ಅಬ್ಬರವಿಲ್ಲದ ಕಡಲು

ಬಯಲುಸೀಮೆಯ ಮಗು ಮೊತ್ತಮೊದಲ ಬಾರಿಗೆ ಕಡಲನ್ನು ಕಂಡಾಗ ಮಾಡುವ ಕೆಲಸ ಎರಡರಲ್ಲೊಂದು. ತಾಯಿಯ ಸೆರಗನ್ನು ಹಿಡಿದು ಹಿಂದೆ ಸರಿಯುವುದು. ಇಲ್ಲವೆ ಹಿರಿಯರು ಕೂಗಿ ಕರೆಯುತ್ತಿದ್ದರೂ ಕೇಳದೆ ನೀರಿನೆಡೆಗೆ ಓಡಿಬಿಡುವುದು. ಹಿರಿಯರ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಊರ ಕೆರೆಯ ಆಳವನ್ನು ಬಲ್ಲವರು, ಹೊಳೆಯ ಮಡುವಿಗೆ ಅಂಜಿ ನಡೆಯುವವರು ಕೂಡ ಕಡಲಿನ ಮುಂದೆ ನಿಂತಾಗ ತಮ್ಮ ಜಾಣತನವನ್ನೆಲ್ಲ ಚಪ್ಪಲಿಯೊಡನೆ ದಂಡೆಯ ಮೇಲೆಯೇ ಬಿಟ್ಟುಬಿಡುತ್ತಾರೆ.

ಇಂಥ ಕುಟುಂಬಕ್ಕೆ ಕಡಲಿನ ಮೊದಲ ಪರಿಚಯ ಎಲ್ಲಿ ಆಗಬೇಕೆಂದು ಕೇಳಿದರೆ ಕಾರವಾರದ ಹೆಸರನ್ನು ಹೇಳಲು ಅಳುಕಬೇಕಾಗಿಲ್ಲ. ಹುಬ್ಬಳ್ಳಿಯ ಕಡೆಯಿಂದ ಬರುವವರು ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯಲ್ಲಿ ಉತ್ತರಕ್ಕೆ ಹೊರಳಿದರೆ ಸಾಕು. ಬೆಂಗಳೂರಿನವರಿಗೆ ಕೊಂಕಣ ರೈಲುಮಾರ್ಗದ ಅನುಕೂಲವಿದೆ. ಊರನ್ನು ಹೊಕ್ಕ ಮೇಲೆ ಕಡಲನ್ನು ಹುಡುಕಿಕೊಂಡು ಹೋಗಬೇಕಾದ ಕಷ್ಟವೇ ಇಲ್ಲ. ಹೆದ್ದಾರಿಯ ಒಂದು ಮಗ್ಗುಲಿಗೆ ಕಚೇರಿ, ಅಂಗಡಿ, ಶಾಲೆ. ಇನ್ನೊಂದು ಮಗ್ಗುಲಿಗೆ ಗಾಳಿಮರಗಳ ಸಾಲು, ಅದರಾಚೆ ಮರಳು, ಮರಳಿನಾಚೆ ನೀರು.

ನೀರಿನ ಬಳಿಗೆ ಬಂದವರಿಗೆ ಮೊದಲು ಕಾಣುವ ಸೋಜಿಗವೆಂದರೆ ಅದರ ಸೌಮ್ಯತೆ. ಬೇರೆಡೆಗಳಲ್ಲಿ ಎದೆಯೆತ್ತರಕ್ಕೆ ಎದ್ದು ಬಂದು ಅಪ್ಪಳಿಸುವ ತೆರೆ ಇಲ್ಲಿ ಮೊಣಕಾಲಿನಷ್ಟಾಗಿ, ಕೆಲವೊಮ್ಮೆ ಪಾದವನ್ನು ತೊಳೆಯುವಷ್ಟೇ ಆಗಿ ಬಂದು ಹಿಂದಿರುಗುತ್ತದೆ. ಇದು ಕಡಲು ಕಾರವಾರದವರಿಗೆ ತೋರಿಸಿದ ವಿಶೇಷ ಕೃಪೆಯಲ್ಲ. ನೆಲದ ರಚನೆಯ ಫಲ. ದಕ್ಷಿಣದಲ್ಲಿ ಬೈತಖೋಲದ ಗುಡ್ಡ ಕಡಲಿನೊಳಕ್ಕೆ ತೋಳು ಚಾಚಿ ನಿಂತಿದೆ. ಉತ್ತರದಲ್ಲಿ ಕಾಳಿ ನದಿಯಾಚೆ ಸದಾಶಿವಗಡದ ಬೆಟ್ಟವಿದೆ. ಎದುರಿಗೆ ಕೂರ್ಮಗಡ, ದೀಪಸ್ತಂಭವನ್ನು ಹೊತ್ತ ದೇವಗಡ ಮೊದಲಾದ ದ್ವೀಪಗಳು ಕಾವಲು ನಿಂತಿವೆ. ತೆರೆದ ಸಮುದ್ರದಿಂದ ಬರುವ ಅಲೆ ಈ ಗುಡ್ಡದ ಮೂಗಿಗೂ ದ್ವೀಪಗಳ ಬಂಡೆಗೂ ಬಡಿದು, ಬಾಗಿ, ಹರಡಿಕೊಂಡು, ತನ್ನ ಬಲದ ಬಹುಭಾಗವನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ದಡದ ಇಳಿಜಾರೂ ಕಡಿದಲ್ಲ. ಹತ್ತಾರು ಹೆಜ್ಜೆ ನಡೆದರೂ ನೀರು ದೊಡ್ಡವರ ಸೊಂಟವನ್ನು ಮುಟ್ಟದ ಜಾಗಗಳುಂಟು.

ಈ ಆಸರೆಯ ಬೆಲೆಯನ್ನು ಮೊದಲು ಅರಿತವರು ಸ್ನಾನಕ್ಕೆ ಬಂದವರಲ್ಲ, ಹಡಗಿನವರು. ೧೪೯೮ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಹಡಗುಗಳ ದುರಸ್ತಿಗೆಂದು ಲಂಗರು ಹಾಕಿದ್ದು ಇಲ್ಲಿಗೆ ಸಮೀಪದ ಅಂಜದೀವ ದ್ವೀಪದಲ್ಲಿ. ಹದಿನೇಳನೆಯ ಶತಮಾನದಲ್ಲಿ ಮೆಣಸನ್ನೂ ನಯವಾದ ಹತ್ತಿಯ ಬಟ್ಟೆಯನ್ನೂ ಅರಸಿ ಬಂದ ಆಂಗ್ಲ ವರ್ತಕರು ಕಾರವಾರದಲ್ಲಿ ಕೋಠಿಯನ್ನಿಟ್ಟರು. ಇಂದಿಗೂ ಬೈತಖೋಲದ ಬಂದರು ಮಳೆಗಾಲದಲ್ಲಿಯೂ ಹಡಗಿಗೆ ನೆಲೆ ಕೊಡಬಲ್ಲದು. ಭಾರತೀಯ ನೌಕಾಪಡೆಯ ‘ಕದಂಬ’ ನೆಲೆ ೨೦೦೫ರಲ್ಲಿ ಇಲ್ಲಿಗೆ ದಕ್ಷಿಣದಲ್ಲಿ ಆರಂಭವಾಯಿತು. ಯುದ್ಧನೌಕೆಗೆ ಒಗ್ಗುವ ನೀರು ಐದು ವರ್ಷದ ಮಗುವಿಗೂ ಒಗ್ಗುತ್ತದೆಂಬುದು ಸ್ವಾರಸ್ಯದ ಸಂಗತಿಯೇ ಸರಿ. ನಿವೃತ್ತವಾದ ‘ಚಪಲ’ ಎಂಬ ಕ್ಷಿಪಣಿ ನೌಕೆಯನ್ನು ದಂಡೆಯ ಮೇಲೆಯೇ ತಂದು ನಿಲ್ಲಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿರುವುದರಿಂದ, ನೀರಿನಿಂದ ಎದ್ದುಬರಲೊಪ್ಪದ ಹುಡುಗರನ್ನು ಎಬ್ಬಿಸಿಕೊಂಡು ಹೋಗಲು ತಂದೆತಾಯಿಗಳಿಗೆ ಒಂದು ನೆಪವೂ ದೊರೆತಿದೆ.

ಕಡಲಿಗೆ ಹೋಗುವುದಾದರೆ ಬೆಳಗಿನ ಹೊತ್ತಿಗೇ ಹೋಗಬೇಕು. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಮುಂಜಾನೆ ಗಾಳಿ ನೆಲದ ಕಡೆಯಿಂದ ಕಡಲಿನ ಕಡೆಗೆ ಮೆಲ್ಲನೆ ಬೀಸುತ್ತಿರುತ್ತದೆ. ಆಗ ನೀರಿನ ಮುಖದ ಮೇಲೆ ಸುಕ್ಕು ಕೂಡ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ದಿಕ್ಕು ಬದಲಿಸುತ್ತದೆ. ವಾಯುವ್ಯದಿಂದ ಬರುವ ಆ ಗಾಳಿ ಸಣ್ಣ ಸಣ್ಣ ತೆರೆಗಳನ್ನೆಬ್ಬಿಸಿ ನೀರನ್ನು ಕದಡುತ್ತದೆ. ಏಳು ಗಂಟೆಗೆ ಕನ್ನಡಿಯಂತಿದ್ದ ಕೊಲ್ಲಿ ಮೂರು ಗಂಟೆಗೆ ಬೇರೆಯೇ ಆಗಿ ಕಂಡರೆ ಅದಕ್ಕೆ ಬೆರಗಾಗಬೇಕಿಲ್ಲ.

ಬೆಳಗಿನ ದಂಡೆಯ ನೋಟವೂ ಚೆಲುವು. ನೀರಿಳಿದ ಹಸಿ ಮರಳಿನ ಮೇಲೆ ಚಿಕ್ಕ ಏಡಿಗಳು ಪುಟ್ಟ ಪುಟ್ಟ ಮರಳಿನ ಉಂಡೆಗಳನ್ನು ಕಟ್ಟಿ ರಂಗವಲ್ಲಿಯಂತೆ ಹರಡಿರುತ್ತವೆ; ಹೆಜ್ಜೆಯ ಸದ್ದಾದೊಡನೆ ಒಂದೂ ಕಾಣದಂತೆ ಬಿಲವನ್ನು ಸೇರುತ್ತವೆ. ಒಂದು ಕಾಲಕ್ಕೆ ಈ ಕರಾವಳಿಯ ಹೆಸರಾಂತ ದೃಶ್ಯವೆಂದರೆ ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಕಡಲಿಗೆ ಬಳಸಿ ಬಿಟ್ಟ ಬಹು ಉದ್ದದ ಬಲೆಯ ಎರಡು ತುದಿಗಳನ್ನು ದಂಡೆಯಲ್ಲಿ ಹತ್ತಾರು ಜನ ಸಾಲಾಗಿ ನಿಂತು ಎಳೆಯುತ್ತಿದ್ದರು. ೧೯೭೦ರ ದಶಕದ ಕೊನೆಯಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿಯ ವೈಭವ ಇಳಿಯಿತು. ಆದರೂ ದಡದಿಂದ ಸಣ್ಣ ಬಲೆಯನ್ನು ಎಳೆಯುವವರು ಸಂಪೂರ್ಣ ಇಲ್ಲವಾಗಿಲ್ಲ. ಅಂಥವರು ಕಂಡರೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ ತೋರಿಸುವುದು ಒಳ್ಳೆಯದು. ಬಂಗಡೆ ಮೀನು ನೀರಿನಿಂದ ಹೊರಬಂದ ಕ್ಷಣದಲ್ಲಿ ಅದರ ಬೆನ್ನಿಗಿರುವ ಹಸಿರುನೀಲಿ ಬಣ್ಣ ಮೀನುಪೇಟೆಯಲ್ಲಿ ಕಾಣಸಿಗದು. ಕಡಲಿನ ಬಗ್ಗೆ ವಿಚಾರಿಸಬೇಕಾದರೆ ಕೇಳಬೇಕಾದದ್ದು ಕೂಡ ಅವರನ್ನೇ.

ಈ ದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಪದವಿಯನ್ನು ಪಡೆದ ಮೊದಲ ಭಾರತೀಯರು, ೧೮೮೦ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದಿದ್ದ ಇಪ್ಪತ್ತರ ಹರೆಯದ ತರುಣ ಕವಿ, ೧೮೮೪ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿಯೇ. ಬಹುಕಾಲದ ನಂತರ ‘ಜೀವನಸ್ಮೃತಿ’ಯಲ್ಲಿ ಅವರು ಕಾರವಾರದ ಒಂದು ಬೆಳದಿಂಗಳ ರಾತ್ರಿಯನ್ನು ನೆನೆದಿದ್ದಾರೆ. ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿದ್ದ ಆ ಗುಂಪು ಹಿಂದಿರುಗುವಾಗ ಇಳಿತದ ನೀರಿನೊಡನೆ ತೇಲಿಕೊಂಡು ನದೀಮುಖದವರೆಗೆ ಬಂದು, ಅಲ್ಲಿ ಇಳಿದು, ಮರಳಿನ ಮೇಲೆ ಮನೆಗೆ ನಡೆಯಿತು. ಹುಟ್ಟು ಹಾಕುವ ಶ್ರಮವನ್ನು ನದಿಯೇ ವಹಿಸಿಕೊಂಡಿತೆಂದು ತಿಳಿಯಬಹುದು.

ಕಾವ್ಯಕ್ಕೆ ಒದಗಿದ ಆ ಇಳಿತದ ನೀರನ್ನೇ ಸ್ನಾನಕ್ಕೆ ಬಂದವರು ಮತ್ತೊಂದು ಕಣ್ಣಿನಿಂದ ನೋಡಬೇಕು. ದಿನಕ್ಕೆರಡು ಸಲ ಭರತದಲ್ಲಿ ನದಿಯೊಳಕ್ಕೆ ನುಗ್ಗಿದ ನೀರು ಇಳಿತದಲ್ಲಿ ನದಿಯ ನೀರನ್ನೂ ಕೂಡಿಸಿಕೊಂಡು ಇಕ್ಕಟ್ಟಾದ ಬಾಯಿಯಿಂದ ಹೊರಕ್ಕೆ ಹರಿಯುತ್ತದೆ. ದೋಣಿಯನ್ನು ಸಲೀಸಾಗಿ ತೇಲಿಸಿಕೊಂಡು ಬಂದ ಆ ಸೆಳೆತಕ್ಕೆ ಮನುಷ್ಯನ ದೇಹ ಎಷ್ಟರದು? ಅದಕ್ಕೆಂದೇ ದಂಡೆಯ ಉತ್ತರದ ತುದಿಯಲ್ಲಿ, ಕೋಡಿಬಾಗದ ಕಡೆ, ನೀರು ಎಷ್ಟೇ ನುಣ್ಣಗೆ ಕಂಡರೂ ಇಳಿಯತಕ್ಕದ್ದಲ್ಲ. ದಕ್ಷಿಣದ ತುದಿಯಲ್ಲಿ ದೋಣಿಗಳ ಓಡಾಟ, ಬಲೆಗಳ ಹಗ್ಗ. ಮನೆಮಂದಿಗೆ ಒಪ್ಪುವುದು ನಡುವಿನ ದಂಡೆ. ಅದರಲ್ಲಿಯೂ ಜೀವರಕ್ಷಕರು ಕುಳಿತಿರುವ ಜಾಗ.

ಕಡಲಿನ ಶಾಂತಿಯಲ್ಲಿ ಎರಡು ಬಗೆಗಳಿವೆಯೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ಕಾರವಾರದ ನಡುದಂಡೆಯದು ಆಸರೆಯ ಶಾಂತಿ. ಗುಡ್ಡ ಮತ್ತು ದ್ವೀಪಗಳು ಅಲೆಯನ್ನು ತಡೆದುದರಿಂದ ಬಂದದ್ದು. ತೆರೆದ ದಂಡೆಗಳಲ್ಲಿ ಕಾಣುವುದು ಇನ್ನೊಂದು. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿನೊರೆಯಾಗಿ ಒಡೆಯುತ್ತಿರುತ್ತವೆ; ನಡುವೆ ಒಂದು ಕಿರುದಾರಿಯಷ್ಟು ಅಗಲಕ್ಕೆ ನೀರು ನೊರೆಯಿಲ್ಲದೆ, ತುಸು ಕಪ್ಪಾಗಿ, ಸುಮ್ಮನೆ ಇರುತ್ತದೆ. ಕಡಲನ್ನರಿಯದವರು ಮಕ್ಕಳ ಕೈಹಿಡಿದು ನೇರವಾಗಿ ಅಲ್ಲಿಗೇ ಹೋಗುತ್ತಾರೆ, ಅಲೆ ಕಡಿಮೆಯಿದೆಯೆಂದು. ಅಲ್ಲಿ ಅಲೆ ಒಡೆಯದಿರಲು ಕಾರಣ ಅಲ್ಲಿಯ ಆಳ. ದಡಕ್ಕೆ ಬಂದು ಬಿದ್ದ ನೀರೆಲ್ಲ ಒಂದುಗೂಡಿ, ಮರಳಿನ ದಿಬ್ಬವನ್ನು ಕೊರೆದು, ಆ ದಾರಿಯಿಂದ ಹಿಂದಕ್ಕೆ ಓಡುತ್ತಿರುತ್ತದೆ. ನುರಿತ ಈಜುಗಾರನಿಗೂ ಅದರೆದುರು ಈಜಿ ಗೆಲ್ಲುವುದು ಕಷ್ಟ.

೨೦೨೪ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ಕೋಲಾರದ ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕಡಲಿನಿಂದ ನೂರಾರು ಮೈಲಿ ದೂರದ ಊರಿನ ಮಕ್ಕಳು ಅವರು. ಅವರ ಹುಮ್ಮಸ್ಸನ್ನು ತಪ್ಪೆನ್ನುವಂತಿಲ್ಲ. ಕಾರವಾರದ ಕೊಲ್ಲಿಯೂ ನಿಷ್ಕಳಂಕವಲ್ಲ. ೨೦೧೯ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ ಹನ್ನೆರಡಕ್ಕೂ ಹೆಚ್ಚು ಮಂದಿ, ಅವರಲ್ಲಿ ಮಕ್ಕಳೂ ಸೇರಿ, ಪ್ರಾಣ ಕಳೆದುಕೊಂಡರು. ದಡದಲ್ಲಿ ಮೊಣಕಾಲುದ್ದದ ಅಲೆಯಿದ್ದರೆ ದ್ವೀಪದ ಹಾದಿಯಲ್ಲಿಯೂ ಹಾಗೆಯೇ ಇದ್ದೀತೆಂದು ಎಣಿಸುವಂತಿಲ್ಲ. ತೇಲುಅಂಗಿ ಕೊಡದ ದೋಣಿಯನ್ನು ಹತ್ತದೆ ಹಿಂದಿರುಗಿದರೆ ಯಾರೂ ಹೇಡಿಗಳೆನ್ನುವುದಿಲ್ಲ.

ಹಾಗೆಂದು ಮಕ್ಕಳನ್ನು ನೀರಿಗೆ ಬಿಡಲೇಬಾರದೆಂಬುದು ಅರ್ಥವಲ್ಲ. ಕೈಗೆಟುಕುವ ದೂರದಲ್ಲಿ ಒಬ್ಬ ಹಿರಿಯರು ಇರಬೇಕು, ಅಷ್ಟೆ. ದಂಡೆಯ ಮೇಲೆ ಕುಳಿತು ಫೋನಿನಲ್ಲಿ ಚಿತ್ರ ತೆಗೆಯುವ ಹಿರಿಯರು ಈ ಲೆಕ್ಕಕ್ಕೆ ಬರುವುದಿಲ್ಲ. ಗಾಳಿ ತುಂಬಿದ ರಬ್ಬರಿನ ಉಂಗುರಗಳನ್ನು ನಂಬುವುದೂ ತರವಲ್ಲ. ಬೆಳಗಿನ ಹೊತ್ತು ನೆಲದಿಂದ ಬೀಸುವ ಅದೇ ಹಿತವಾದ ಗಾಳಿ ಅವುಗಳನ್ನು ಮಗುವಿನ ಸಮೇತ ಸದ್ದಿಲ್ಲದೆ ಹೊರಕ್ಕೆ ಒಯ್ಯಬಲ್ಲದು. ಸೀರೆಯುಟ್ಟೇ ನೀರಿಗಿಳಿಯುವ ಹೆಂಗಸರು ನಮ್ಮಲ್ಲಿ ಬಹಳ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಸೊಂಟದುದ್ದದ ನೀರಿನಲ್ಲಿಯೂ ಏಳುವುದು ಕಷ್ಟವಾದ್ದರಿಂದ ಮೊಣಕಾಲಿನ ಆಳವೇ ಅವರ ಎಲ್ಲೆಯಾಗಿರಲಿ. ಮರಳಿನಲ್ಲಿ ಕಾಲನ್ನೆತ್ತಿ ಹಾಕುವುದಕ್ಕಿಂತ ಎಳೆದುಕೊಂಡು ನಡೆಯುವುದು ಲೇಸು. ಅಡಿಯಲ್ಲಿ ಮಲಗಿರಬಹುದಾದ ತೊರಕೆ ಮೀನು ಸದ್ದಿಗೆ ಎಚ್ಚೆತ್ತು ದೂರ ಸರಿಯುತ್ತದೆ.

ಎಲ್ಲಿಯಾದರೂ ಸೆಳೆತಕ್ಕೆ ಸಿಕ್ಕವರು ನೆನಪಿಡಬೇಕಾದದ್ದು ಸ್ವಲ್ಪವೇ. ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ; ಕೊಲ್ಲುವುದು ಬಹುಮಟ್ಟಿಗೆ ಗಾಬರಿ ಮತ್ತು ದಣಿವು. ದಡದ ಕಡೆಗೆ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯೊಡೆಯುವ ಕಡೆ ಸೇರಿದರೆ ಅಲೆಗಳೇ ಹಿಂದಕ್ಕೆ ತರುತ್ತವೆ. ಈಜಲು ಬಾರದವರು ಬೆನ್ನಮೇಲೆ ತೇಲಿ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಒಬ್ಬರ ಹಿಂದೊಬ್ಬರು ಧುಮುಕಿಬಿಡುವುದರಿಂದ ಒಂದು ಸಾವಿನ ಜಾಗದಲ್ಲಿ ಮೂರಾಗುತ್ತವೆ. ಹಗ್ಗ, ತೆಂಗಿನಕಾಯಿಗಳ ಗೊಂಚಲು, ಖಾಲಿ ಡಬ್ಬ, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕರೆಯುವುದೇ ಸರಿಯಾದ ಮಾರ್ಗ.

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಈ ಮಾತುಗಳಿಗೆಲ್ಲ ಎಡೆಯೇ ಇಲ್ಲ. ಆಗ ಕಾರವಾರದ ಕಡಲೂ ಕೆಂಪಾಗಿ ಮೊರೆಯುತ್ತದೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಂತ್ರದೋಣಿಗಳಿಗೇ ಮೀನುಗಾರಿಕೆಯ ನಿಷೇಧವಿರುವಾಗ ಪ್ರವಾಸಿಗರಿಗೆ ನೀರಿನಲ್ಲಿ ಏನು ಕೆಲಸ?

ಕಾರವಾರದಿಂದ ದಕ್ಷಿಣಕ್ಕೆ ಹೊರಟವರು ಹೊನ್ನಾವರದ ಬಳಿಯ ಕಾಸರಕೋಡನ್ನೂ, ಉಡುಪಿ ಜಿಲ್ಲೆಯ ಪಡುಬಿದ್ರಿಯನ್ನೂ ನೋಡಬಹುದು. ನೀರಿನ ಶುದ್ಧತೆ, ಜೀವರಕ್ಷಕರ ವ್ಯವಸ್ಥೆ, ಶೌಚಾಲಯ ಮೊದಲಾದವುಗಳನ್ನು ಪರೀಕ್ಷಿಸಿ ಕೊಡುವ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ೨೦೨೦ರಲ್ಲಿ ದೇಶದ ಎಂಟು ದಂಡೆಗಳಿಗೆ ದೊರೆತಾಗ ಅವುಗಳಲ್ಲಿ ಈ ಎರಡೂ ಸೇರಿದ್ದವು. ಅಲ್ಲಿ ಗುಡ್ಡ ಮಾಡದ ಕೆಲಸವನ್ನು ಮನುಷ್ಯರು ಗೆರೆ ಹಾಕಿ, ಬಾವುಟ ನೆಟ್ಟು ಮಾಡುತ್ತಾರೆ. ಕೆಂಪು ಬಾವುಟವಿದ್ದರೆ ನೀರಿಗಿಳಿಯುವಂತಿಲ್ಲ. ಕೆಂಪು–ಹಳದಿ ಬಾವುಟಗಳ ನಡುವಿನ ಜಾಗ ಸ್ನಾನಕ್ಕೆ. ಮಕ್ಕಳು ಇದನ್ನು ಒಮ್ಮೆ ಹೇಳಿದರೆ ಕಲಿಯುತ್ತಾರೆ. ದೊಡ್ಡವರಿಗೆ ಎರಡು ಮೂರು ಸಲ ಹೇಳಬೇಕಾಗುತ್ತದೆ.

ಸಂಜೆ ಕಾರವಾರದ ದಂಡೆ ಮತ್ತೆ ತುಂಬುತ್ತದೆ. ಗಿರಮಿಟ್ಟಿನ ಗಾಡಿಗಳ ಸುತ್ತ ಗುಂಪು. ಗಾಳಿಮರಗಳ ಅಡಿಯಲ್ಲಿ ಒದ್ದೆ ತಲೆಗಳನ್ನು ಒರೆಸುವ ತಾಯಂದಿರು. ಸೂರ್ಯ ದ್ವೀಪಗಳಾಚೆ ಇಳಿದ ಮೇಲೆ ದೇವಗಡದ ದೀಪ ಬಿಟ್ಟುಬಿಟ್ಟು ಮಿನುಗತೊಡಗುತ್ತದೆ. ಬೆಳಗ್ಗೆ ಸೆರಗು ಹಿಡಿದು ಹಿಂದೆ ನಿಂತಿದ್ದ ಮಗು ಈಗ ತೆರೆಯ ಅಂಚಿನಲ್ಲಿ ಕುಳಿತು ಮರಳಿನ ಒಡ್ಡು ಕಟ್ಟುತ್ತಿರುತ್ತದೆ. ಭರತ ಏರುತ್ತಿದೆ, ಒಂದೊಂದು ತೆರೆಗೂ ಒಡ್ಡಿನ ಒಂದು ಮೂಲೆ ಕರಗುತ್ತದೆ. ಮಗು ಒಂದು ಗೇಣು ಹಿಂದಕ್ಕೆ ಸರಿದು ಮತ್ತೆ ಕಟ್ಟುತ್ತದೆ. ಅದರ ಹಿಂದೆ ಒಂದು ಮಾರು ದೂರದಲ್ಲಿ ತಂದೆ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ನೀರನ್ನು ನೋಡುತ್ತ ನಿಂತಿರುತ್ತಾನೆ.