ವರ್ಷದ ಬೆಸ್ಟ್ ವಿಡಿಯೊ: ತಕ್ಕಡಿ ಯಾರ ಕೈಯಲ್ಲಿದೆ?

ಡಿಸೆಂಬರ್ ಬಂತು ಅಂದ್ರೆ ಪಟ್ಟಿಗಳ ಸುಗ್ಗಿ. ವರ್ಷದ ಬೆಸ್ಟ್ ಸಿನಿಮಾ, ಬೆಸ್ಟ್ ನಟ, ಬೆಸ್ಟ್ ಹಾಡು. ಈಗ ಅದರ ಜೊತೆಗೆ ಬೆಸ್ಟ್ ಮ್ಯೂಸಿಕ್ ವಿಡಿಯೊ ಕೂಡ ಸೇರಿಕೊಂಡಿದೆ. ಪ್ರಶ್ನೆ ಕೇಳಿದ ತಕ್ಷಣ ಒಬ್ಬ ಅಭಿಮಾನಿ "ನಮ್ಮದು ಹತ್ತು ಕೋಟಿ ವ್ಯೂಸ್" ಅಂತಾನೆ. ಇನ್ನೊಬ್ಬ "ನಮ್ಮದು ಹನ್ನೆರಡು" ಅಂತಾನೆ. ಚರ್ಚೆ ಮುಗೀತು. ಆ ವಿಡಿಯೊದಲ್ಲಿ ಏನಿತ್ತು, ಯಾರು ಮಾಡಿದ್ರು, ಯಾಕೆ ಚೆನ್ನಾಗಿತ್ತು ಅನ್ನೋ ಮಾತೇ ಬರಲ್ಲ.

ಹಾಗಂತ ಈ ಜಗಳ ಹೊಸದೇನೂ ಅಲ್ಲ. 2009ರ ಸೆಪ್ಟೆಂಬರ್ 13ರ ರಾತ್ರಿ, ನ್ಯೂಯಾರ್ಕ್‌ನಲ್ಲಿ ಎಂಟಿವಿ ವಿಡಿಯೊ ಮ್ಯೂಸಿಕ್ ಅವಾರ್ಡ್ಸ್ ಕಾರ್ಯಕ್ರಮ. ಅತ್ಯುತ್ತಮ ಗಾಯಕಿಯ ವಿಡಿಯೊ ಪ್ರಶಸ್ತಿ ಪಡೆದ 19 ವರ್ಷದ ಟೇಲರ್ ಸ್ವಿಫ್ಟ್ ಮಾತಾಡ್ತಾ ಇದ್ದರು. ಅಷ್ಟರಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ವೇದಿಕೆ ಹತ್ತಿ, ಅವರ ಕೈಯಿಂದ ಮೈಕ್ ಕಿತ್ಕೊಂಡು, ಬಿಯಾನ್ಸೆ ವಿಡಿಯೊನೇ ಇದಕ್ಕಿಂತ ಶ್ರೇಷ್ಠ ಅಂದುಬಿಟ್ಟರು. ಇಡೀ ಅಮೆರಿಕ ಅವರನ್ನ ಬೈದು ಹಾಕಿತು. ತಮಾಷೆ ಏನು ಗೊತ್ತಾ? ಅದೇ ರಾತ್ರಿ, ಅದೇ ವೇದಿಕೆ ಮೇಲೆ, 'ವರ್ಷದ ವಿಡಿಯೊ' ಅನ್ನೋ ದೊಡ್ಡ ಪ್ರಶಸ್ತಿ ಬಿಯಾನ್ಸೆಯ 'ಸಿಂಗಲ್ ಲೇಡೀಸ್'ಗೇ ಬಂತು. ಬಿಯಾನ್ಸೆ ದೊಡ್ಡ ಮನಸ್ಸು ಮಾಡಿ ಟೇಲರ್ ಅವರನ್ನ ಮತ್ತೆ ವೇದಿಕೆಗೆ ಕರೆದು, ಅರ್ಧಕ್ಕೆ ನಿಂತ ಮಾತು ಮುಗಿಸೋಕೆ ಬಿಟ್ಟುಕೊಟ್ಟರು.

ಆ 'ಸಿಂಗಲ್ ಲೇಡೀಸ್'ನಲ್ಲಿ ಇರೋದಾದ್ರೂ ಏನು? ಕಪ್ಪು ಬಿಳುಪು ಚಿತ್ರ, ಖಾಲಿ ಹಿನ್ನೆಲೆ, ಕುಣಿಯೋ ಮೂರು ಜನ. ಅಷ್ಟೇ. ವಿದೇಶದ ಲೊಕೇಶನ್ ಇಲ್ಲ, ನೂರು ಜನ ಡ್ಯಾನ್ಸರ್‌ಗಳಿಲ್ಲ. ಹಾಗಾದ್ರೆ ಬೆಸ್ಟ್ ಅನ್ನೋದನ್ನ ಅಳೆಯೋದು ಯಾವುದರಿಂದ?

ನಾನು ಎಂಜಿನಿಯರಿಂಗ್ ಓದಿ ಈ ಕ್ಷೇತ್ರಕ್ಕೆ ಬಂದವನು. ಏನನ್ನ ಅಳೀತಾ ಇದೀವಿ ಅನ್ನೋದು ಗೊತ್ತಾದ ಮೇಲೇ ಮೀಟರ್ ಕೈಗೆ ತಗೋಬೇಕು ಅಂತ ಅಲ್ಲಿ ಹೇಳಿಕೊಡ್ತಾರೆ. ತಕ್ಕಡಿಯಲ್ಲಿ ಕೂರಿಸಿ ಜ್ವರ ನೋಡೋಕೆ ಆಗಲ್ಲ, ಅಲ್ವಾ? ಮ್ಯೂಸಿಕ್ ವಿಡಿಯೊ ಅಳೆಯೋಕೂ ಮೂರು ಬೇರೆ ಬೇರೆ ಸಾಧನಗಳಿವೆ. ಒಂದು, ತಿಳಿದವರ ತೀರ್ಪು. ಎರಡು, ಜನರ ಲೆಕ್ಕ. ಮೂರು, ಕಾಲ. ಈ ಮೂರೂ ಒಂದೇ ಉತ್ತರ ಕೊಡೋದು ಬಹಳ ಅಪರೂಪ.

ಇದಕ್ಕೆ ಒಳ್ಳೇ ಉದಾಹರಣೆ ಇದೇ ಪ್ರಶಸ್ತಿಯ ಮೊದಲ ವರ್ಷ, 1984. ಕಣದಲ್ಲಿ ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್' ಇತ್ತು. ಜಾನ್ ಲ್ಯಾಂಡಿಸ್ ನಿರ್ದೇಶನ, ಸುಮಾರು 14 ನಿಮಿಷ, ಹೆಚ್ಚೂಕಡಿಮೆ ಒಂದು ಕಿರುಚಿತ್ರ. ಆದ್ರೆ ಆ ವರ್ಷದ ವಿಡಿಯೊ ಅಂತ ಗೆದ್ದದ್ದು 'ದಿ ಕಾರ್ಸ್' ತಂಡದ 'ಯೂ ಮೈಟ್ ಥಿಂಕ್'. ಅದರಲ್ಲಿದ್ದ ಕಂಪ್ಯೂಟರ್ ಗ್ರಾಫಿಕ್ಸ್ ಆಗಿನ ಕಾಲಕ್ಕೆ ಹೊಸದು. ಹಾಗಂತ 'ಥ್ರಿಲ್ಲರ್' ಬರಿಗೈಲಿ ಹೋಗಲಿಲ್ಲ. ನೃತ್ಯ ಸಂಯೋಜನೆಗೆ ಪ್ರಶಸ್ತಿ ಸಿಕ್ಕಿತು, ವೀಕ್ಷಕರ ಆಯ್ಕೆಯ ಪ್ರಶಸ್ತಿಯೂ ಸಿಕ್ಕಿತು. ಅಂದ್ರೆ ಒಂದೇ ರಾತ್ರಿ, ಒಂದೇ ವೇದಿಕೆ, ದೊಡ್ಡ ಪ್ರಶಸ್ತಿ ಒಂದು ಕಡೆ, ವೀಕ್ಷಕರ ಒಲವು ಇನ್ನೊಂದು ಕಡೆ. ಮೂರನೇ ತೀರ್ಪು ಬರೋಕೆ 25 ವರ್ಷ ಬೇಕಾಯ್ತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ 'ಥ್ರಿಲ್ಲರ್' ಸೇರಿತು. ಆ ಗೌರವ ಪಡೆದ ಮೊದಲ ಮ್ಯೂಸಿಕ್ ವಿಡಿಯೊ ಅದೇ.

ಆಮೇಲೆ ಬಂತು ಯೂಟ್ಯೂಬ್. ಜೂರಿ ಬೇಡ, ಅವಾರ್ಡ್ ಬೇಡ, ಲೆಕ್ಕ ಕಣ್ಣ ಮುಂದೇ ಇದೆ ಅಂತ ಎಲ್ಲರಿಗೂ ಖುಷಿ. 2012ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸೈ ಅವರ 'ಗಂಗ್ನಮ್ ಸ್ಟೈಲ್' ಬಂತು. ಅದೇ ಡಿಸೆಂಬರ್‌ಗೆ 100 ಕೋಟಿ ವ್ಯೂಸ್ ಮುಟ್ಟಿತು. ಯೂಟ್ಯೂಬ್‌ನಲ್ಲಿ ಆ ಗಡಿ ದಾಟಿದ ಮೊದಲ ವಿಡಿಯೊ ಅದು. ಹಳೇ ಸ್ಕೂಟರ್‌ಗಳ ಕಿಲೋಮೀಟರ್ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರ್ತಿತ್ತಲ್ಲ, ನೆನಪಿದೆಯಾ? ಯೂಟ್ಯೂಬ್‌ನ ಮೀಟರ್‌ಗೂ ಅಂಥದ್ದೇ ಒಂದು ಮಿತಿ ಇತ್ತು. 32 ಬಿಟ್ ಲೆಕ್ಕದಲ್ಲಿ ಹಿಡಿಯೋ ದೊಡ್ಡ ಸಂಖ್ಯೆ 214,74,83,647. 2014ರಲ್ಲಿ 'ಗಂಗ್ನಮ್ ಸ್ಟೈಲ್' ಆ ಮಿತಿಯನ್ನೂ ದಾಟಿತು. ಎಂಜಿನಿಯರ್‌ಗಳು ಮೊದಲೇ ಎಚ್ಚೆತ್ತು 64 ಬಿಟ್‌ಗೆ ಬದಲಾಯಿಸಿದ್ದರು.

ಆದ್ರೆ ಈ ಮೀಟರ್ ತೋರಿಸೋದು ಏನನ್ನ? ವ್ಯೂಸ್ ಅಂದ್ರೆ ಜನ ಅಲ್ಲ, ಎಷ್ಟು ಸಲ ಪ್ಲೇ ಆಯ್ತು ಅನ್ನೋ ಲೆಕ್ಕ. ಮಕ್ಕಳ ಹಾಡು 'ಬೇಬಿ ಶಾರ್ಕ್' 2022ರ ಜನವರಿಯಲ್ಲಿ 1,000 ಕೋಟಿ ವ್ಯೂಸ್ ದಾಟಿತು. ಆಗ ಇಡೀ ಭೂಮಿಯ ಜನಸಂಖ್ಯೆಯೇ 800 ಕೋಟಿ ಇರಲಿಲ್ಲ! ಊಟ ಮಾಡಿಸೋಕೆ ಮಗುವಿನ ಮುಂದೆ ಮೊಬೈಲ್ ಹಿಡಿಯೋ ಪ್ರತಿ ಮನೆಗೂ ಈ ಗುಟ್ಟು ಗೊತ್ತು. ಹಾಗಂತ 'ಬೇಬಿ ಶಾರ್ಕ್' ಪ್ರಪಂಚದ ಅತ್ಯುತ್ತಮ ಮ್ಯೂಸಿಕ್ ವಿಡಿಯೊ ಅಂತ ನೀವು ಒಪ್ತೀರಾ?

ಲೆಕ್ಕ ಹಾಕೋ ನಿಯಮ ಬದಲಾದ್ರೆ ಗೆಲ್ಲೋರೂ ಬದಲಾಗ್ತಾರೆ. 2013ರ ಫೆಬ್ರವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ತನ್ನ ಮುಖ್ಯ ಹಾಡುಗಳ ಪಟ್ಟಿಗೆ ಯೂಟ್ಯೂಬ್ ವೀಕ್ಷಣೆಯನ್ನೂ ಸೇರಿಸಿತು. 'ಹಾರ್ಲೆಮ್ ಶೇಕ್' ಅನ್ನೋ ಹಾಡು ಪಟ್ಟಿಗೆ ಬಂದ ಮೊದಲ ವಾರವೇ ನೇರವಾಗಿ ನಂಬರ್ ಒನ್! ಆಗ ಜಗತ್ತಿನಾದ್ಯಂತ ಕಾಲೇಜು ಹುಡುಗರು, ಆಫೀಸ್‌ನವರು ಆ ಹಾಡಿನ ಅರ್ಧ ನಿಮಿಷಕ್ಕೆ ಕುಣಿದು ಸಾಲುಸಾಲು ವಿಡಿಯೊ ಹಾಕಿದ್ದರು. ಆ ವೀಕ್ಷಣೆಗಳೂ ಹಾಡಿನ ಲೆಕ್ಕಕ್ಕೇ ಸೇರಿದವು.

ಇನ್ನು ಹಣದ ವಿಷಯ. 2019ರ ಜುಲೈನಲ್ಲಿ ನಮ್ಮ ದೇಶದ ರ‍್ಯಾಪರ್ ಬಾದ್‌ಶಾ ಅವರ 'ಪಾಗಲ್' ಹಾಡಿಗೆ 24 ಗಂಟೆಯಲ್ಲಿ 7.5 ಕೋಟಿ ವ್ಯೂಸ್, ವಿಶ್ವದಾಖಲೆ ಅಂತ ಘೋಷಣೆ ಆಯ್ತು. ಯೂಟ್ಯೂಬ್ ಮಾತ್ರ ಅದನ್ನ ದಾಖಲೆ ಅಂತ ಸಾರಲಿಲ್ಲ. ಪ್ರಚಾರಕ್ಕೆ ಜಾಹೀರಾತು ಕೊಂಡಿದ್ದನ್ನ ಬಾದ್‌ಶಾ ಕೂಡ ಮುಚ್ಚಿಡಲಿಲ್ಲ. ಅದು ಕಾನೂನುಬಾಹಿರವೂ ಅಲ್ಲ, ಅವರೊಬ್ಬರೇ ಮಾಡಿದ್ದೂ ಅಲ್ಲ. ದೊಡ್ಡ ಕಂಪನಿಗಳಲ್ಲಿ ಅದು ಮಾಮೂಲಿ. ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ನಿಯಮ ಬದಲಿಸಿತು. ದುಡ್ಡು ಕೊಟ್ಟು ಜಾಹೀರಾತಾಗಿ ತೋರಿಸಿದ ವೀಕ್ಷಣೆಯನ್ನ 24 ಗಂಟೆಯ ದಾಖಲೆಗೆ ಲೆಕ್ಕ ಹಿಡಿಯಲ್ಲ ಅಂತು.

ಇದರಿಂದ ನಮಗೇನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ಕೈಯಲ್ಲಿ ಹತ್ತು ರೂಪಾಯಿ ಇರೋ ನಿರ್ಮಾಪಕ ಸಂಖ್ಯೆಯೇ ಮುಖ್ಯ ಅಂದುಕೊಂಡ್ರೆ, ಕ್ಯಾಮೆರಾಗೆ ನಾಲ್ಕು ಹಾಕಿ ಪ್ರಚಾರಕ್ಕೆ ಆರು ಸುರೀತಾನೆ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಸ್ನೇಹಿತರು ಸೇರಿ, ಉಳಿತಾಯದ ದುಡ್ಡಲ್ಲಿ ಕನ್ನಡ ರ‍್ಯಾಪ್ ವಿಡಿಯೊ ಮಾಡೋ ಹುಡುಗರ ಹತ್ರ ಆ ಆರು ರೂಪಾಯಿ ಎಲ್ಲಿಂದ ಬರಬೇಕು? ಅವರ ಕೆಲಸ ನಮ್ಮ ಕಣ್ಣಿಗೇ ಬೀಳಲ್ಲ. ಬೀಳದೇ ಇದ್ದದ್ದು ವರ್ಷದ ಪಟ್ಟಿಗೂ ಬರಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಮ್ಯೂಸಿಕ್ ವಿಡಿಯೊ ಅಂದ್ರೆ ಬಹುಪಾಲು ಸಿನಿಮಾ ಹಾಡೇ. ಮೊದಲು ಲಿರಿಕಲ್ ವಿಡಿಯೊ ಬರುತ್ತೆ, ಅದರಲ್ಲಿ ಸಾಹಿತ್ಯದ ಸಾಲು, ನಾಲ್ಕಾರು ಫೋಟೊ. ಚಿತ್ರೀಕರಣ ಮಾಡಿದ ಪೂರ್ತಿ ಹಾಡು ಆಮೇಲೆ ಬರುತ್ತೆ. ನಾವು ಲಿರಿಕಲ್ ವಿಡಿಯೊದ ಸಂಖ್ಯೆ ಹಿಡಿದು ಬೆಸ್ಟ್ ವಿಡಿಯೊ ಅಂತೀವಿ. ನಿಜಕ್ಕೂ ಅಲ್ಲಿ ಗೆದ್ದಿರೋದು ರಾಗ, ಸಾಹಿತ್ಯ, ಗಾಯಕರ ದನಿ. ದೃಶ್ಯದ ಪರೀಕ್ಷೆ ಇನ್ನೂ ಆಗೇ ಇರಲ್ಲ. ಪುಟ್ಟಣ್ಣ ಕಣಗಾಲ್ ಹಾಡುಗಳನ್ನ ಚಿತ್ರಿಸ್ತಿದ್ದ ರೀತಿ ಬಗ್ಗೆ ಇವತ್ತಿಗೂ ಮಾತಾಡ್ತೀವಿ. ಆಗ ಯಾವ ಮೀಟರ್ ಇತ್ತು?

ಮಾಡಿದವರ ಹೆಸರಿನ ಕಥೆಯೂ ಇದೇ. ಎಂಟಿವಿ ಶುರುವಾಗಿದ್ದು 1981ರಲ್ಲಿ. ನಿರ್ದೇಶಕರ ಹೆಸರನ್ನ ತೆರೆ ಮೇಲೆ ಹಾಕೋಕೆ ಶುರು ಮಾಡಿದ್ದು 1992ರ ಕೊನೆಯಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ 'ವರ್ಷದ ವಿಡಿಯೊ' ಆಗಿದ್ದು ಆರ್‌.ಇ.ಎಂ. ತಂಡದ 'ಲೂಸಿಂಗ್ ಮೈ ರಿಲಿಜನ್'. ಅದನ್ನ ನಿರ್ದೇಶಿಸಿದ್ದು ಪಂಜಾಬಿನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಆ ಹಾಡು ಕೇಳಿದ ಭಾರತೀಯರು ಲಕ್ಷಾಂತರ ಜನ ಇರಬಹುದು. ಅವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ವ್ಯೂಸ್ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಟಿವಿಯವರಾದ ನಮಗೆ ಟಿಆರ್‌ಪಿ ಇದ್ದ ಹಾಗೆ ಅದೂ ಒಂದು ಲೆಕ್ಕ. ಎಷ್ಟು ದೂರ ತಲುಪಿತು ಅಂತ ಅದು ಹೇಳುತ್ತೆ, ಎಷ್ಟು ಚೆನ್ನಾಗಿತ್ತು ಅಂತ ಹೇಳಲ್ಲ. ಅದಕ್ಕೆ ಈ ಸಲ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಈ ಚರ್ಚೆ ಎದ್ದಾಗ ಮೂರು ಪ್ರಶ್ನೆ ಕೇಳಿ ನೋಡಿ. ಸೌಂಡ್ ಪೂರ್ತಿ ಕಮ್ಮಿ ಮಾಡಿದ್ರೂ ಈ ವಿಡಿಯೊ ನೋಡಬೇಕು ಅನ್ಸುತ್ತಾ? ಒಂದು ತಿಂಗಳಾದ ಮೇಲೂ ಇದರ ಒಂದು ದೃಶ್ಯವಾದ್ರೂ ಕಣ್ಣಲ್ಲಿ ಉಳಿದಿದೆಯಾ? ಇದನ್ನ ನಿರ್ದೇಶಿಸಿದವರು, ಕುಣಿಸಿದವರು, ಎಡಿಟ್ ಮಾಡಿದವರು ಯಾರು?

ಮೂರನೇ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ವಿಡಿಯೊ ಕೆಳಗಿನ ವಿವರವನ್ನ ಒಮ್ಮೆ ತೆರೆದು ಓದಬೇಕು. ಅರ್ಧ ನಿಮಿಷದ ಕೆಲಸ. ನಿಮ್ಮ ಪಟ್ಟಿಯಲ್ಲಿ ಹಾಡಿನ ಪಕ್ಕ ಆ ಹೆಸರನ್ನೂ ಬರೀರಿ. ಮುಂದಿನ ಸಲ ಅದೇ ಹೆಸರು ಕಂಡ್ರೆ, ವ್ಯೂಸ್ ನೂರೇ ಇದ್ರೂ ಆ ವಿಡಿಯೊ ಒತ್ತಿ ನೋಡ್ತೀರಿ.