ತೊಟ್ಟಿ ಕಟ್ಟೋದು ಸುಲಭ, ಹುಳ ಉಳಿಸೋದೇ ಕೆಲಸ

ನಮ್ಮ ತುಮಕೂರು ಕಡೆ ಹಳ್ಳಿಗಳಲ್ಲಿ ಓಡಾಡಿದ್ರೆ ಖಾಲಿ ಬಿದ್ದಿರೋ ಎರೆಹುಳು ತೊಟ್ಟಿಗಳು ಕಣ್ಣಿಗೆ ಬೀಳುತ್ತವೆ. ಕೆಲವದರಲ್ಲಿ ತೆಂಗಿನ ಮಟ್ಟೆ ತುಂಬಿರುತ್ತೆ, ಇನ್ನು ಕೆಲವದರಲ್ಲಿ ಕೋಳಿ ಕಾವಿಗೆ ಕೂತಿರುತ್ತೆ. ಪಕ್ಕದ ಊರಿನ ಮಹಿಳಾ ಸಂಘದ ತೊಟ್ಟಿಯೂ ಹಾಗೇ ಇತ್ತು. ಅದನ್ನು ಮತ್ತೆ ಶುರು ಮಾಡಬೇಕು ಅಂತ ಅಲ್ಲಿನ ಅಕ್ಕಂದಿರು ಹೊರಟಾಗ, ನಾನೂ ಕೈ ಜೋಡಿಸ್ತೀನಿ ಅಂತ ಹೋದೆ. ವಾರಕ್ಕೆ ಎರಡು ದಿನ, ಸಂಬಳ ಇಲ್ಲದ ಕೆಲಸ.

ಮೊದಲ ವಾರವೇ ಎಡವಿದೆ. ಫೋನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ, ಎಲ್ಲಾ ಗೊತ್ತು ಅನ್ನೋ ಹುಮ್ಮಸ್ಸು. ಹಸಿ ಸಗಣಿ, ಸೊಪ್ಪು ತುಂಬಿಸಿ, ಅದೇ ದಿನ ಎರಡು ಕಿಲೋ ಹುಳ ಬಿಟ್ಟೆವು. ಮೂರನೇ ದಿನ ಹುಳಗಳು ಗೋಡೆ ಹತ್ತಿ ಹೊರಗೆ ಬರ್ತಿದ್ದವು. ಐದನೇ ದಿನಕ್ಕೆ ವಾಸನೆ. ಸಂಘದ ಉಳಿತಾಯದ ದುಡ್ಡಲ್ಲಿ ತಂದ ಹುಳ ಅದು. ಹಿರಿಯ ಅಜ್ಜಿಯೊಬ್ಬರು ಹೇಳಿದ್ದು ಇಷ್ಟೇ: "ಫೋನ್ ನೋಡ್ದೆ ಮಗಾ, ಸಗಣಿಗೆ ಕೈ ಹಾಕಿ ನೋಡ್ಲಿಲ್ಲ." ದುಡ್ಡು ವಾಪಸ್ ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ಮುಂದಿನ ಸಲ ಕೇಳ್ಕೊಂಡು ಹಾಕು" ಅಂದ್ರು.

ಎರಡನೇ ಸಲ ಮಾಡಿದ್ದು ಹೀಗೆ

ಹಸಿ ಸಗಣಿ ಕೊಳೆಯುವಾಗ ಬಿಸಿಯಾಗುತ್ತೆ, ಆ ಬಿಸಿಯಲ್ಲಿ ಹುಳ ಬದುಕಲ್ಲ. ಅದಕ್ಕೆ ಸಗಣಿ, ಒಣ ಎಲೆ, ಹೊಂಗೆ ಸೊಪ್ಪು, ಅಡಿಕೆ ಸೋಗೆಯ ಚೂರು ಎಲ್ಲವನ್ನೂ ನೆರಳಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮಗುಚುತ್ತಾ 15ರಿಂದ 20 ದಿನ ಬಿಟ್ಟೆವು. ಗುಡ್ಡೆಯೊಳಗೆ ಕೈ ಹಾಕಿದಾಗ ತಣ್ಣಗಿದ್ದರೆ ಮಾತ್ರ ತೊಟ್ಟಿಗೆ.

ತೊಟ್ಟಿ 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳ. ತಳದಲ್ಲಿ ನೀರು ಬಸಿಯೋಕೆ ತೂತು, ಅದರ ಮೇಲೆ ತೆಂಗಿನ ನಾರಿನ ಪದರ, ಆಮೇಲೆ ಅರ್ಧ ಕೊಳೆತ ಗೊಬ್ಬರ. ಮೇಲೆ ಹುಳ ಬಿಟ್ಟು ಒದ್ದೆ ಗೋಣಿಚೀಲ ಮುಚ್ಚಿದೆವು. ತೇವ ಎಷ್ಟಿರಬೇಕು ಅಂದ್ರೆ, ಒಂದು ಹಿಡಿ ತಗೊಂಡು ಹಿಂಡಿದರೆ ಉಂಡೆ ಆಗಬೇಕು, ನೀರು ಸುರಿಯಬಾರದು. ಇರುವೆ ಬರದಂತೆ ಸುತ್ತ ಸಣ್ಣ ಕಾಲುವೆ ಮಾಡಿ ನೀರು ನಿಲ್ಲಿಸಿದೆವು. ಉಪ್ಪು, ಎಣ್ಣೆ, ಮೆಣಸಿನಕಾಯಿ, ನಿಂಬೆ ಸಿಪ್ಪೆ ಒಳಗೆ ಹಾಕಲೇ ಇಲ್ಲ.

ಸುಮಾರು 60 ದಿನಕ್ಕೆ ಗೊಬ್ಬರ ಟೀ ಪುಡಿ ತರ ಆಯ್ತು. ನೀರು ನಿಲ್ಲಿಸಿ ನಾಲ್ಕೈದು ದಿನ ಬಿಟ್ಟು, ಗೋಪುರದ ಹಾಗೆ ರಾಶಿ ಮಾಡಿದರೆ ಹುಳ ತಾನಾಗೇ ಕೆಳಗೆ ಇಳಿಯುತ್ತೆ. ಮೇಲಿನದನ್ನು ತೆಗೆದು ಜರಡಿ ಹಿಡಿಯಬೇಕು. ಕೆಳಗಿನ ಹುಳ ಮುಂದಿನ ತೊಟ್ಟಿಗೆ ಬೀಜ.

ಮೊದಲು ಯಾಕೆ ನಿಂತುಹೋಗಿತ್ತು?

ಇದನ್ನ ಯಾವ ವಿಡಿಯೋದಲ್ಲೂ ನಾನು ನೋಡಿರಲಿಲ್ಲ. ವಾರದ ಸಭೆಯಲ್ಲಿ ಕೂತು ಕೇಳಿದ ಮೇಲೆ ತಿಳೀತು. ಹಿಂದಿನ ಸಲ ನೀರು ಹೊರುವ ಕೆಲಸ ತೊಟ್ಟಿ ಹತ್ತಿರದ ಇಬ್ಬರ ತಲೆಗೇ ಬಿದ್ದಿತ್ತು. ಗೊಬ್ಬರ ಆದಮೇಲೆ ಚೀಲಗಳು ಪುಕ್ಕಟೆಯಾಗಿ ಮನೆ ಗಂಡಸರ ಅಡಿಕೆ ತೋಟಕ್ಕೆ ಹೋದವು. ಸಂಘದ ಪುಸ್ತಕಕ್ಕೆ ಒಂದು ರೂಪಾಯಿ ಬರಲಿಲ್ಲ. "ದುಡಿಯೋದು ನಾವು, ಗೊಬ್ಬರ ಅವರಿಗೆ. ಇನ್ಯಾಕೆ ನೀರು ಹೊರಬೇಕು?" ಅಂತ ಒಬ್ಬ ಅಕ್ಕ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲೂ ಅಮ್ಮ ಬಾಚಿ ಹಾಕಿದ ತಿಪ್ಪೆ ಗೊಬ್ಬರಕ್ಕೆ ಯಾರೂ ಲೆಕ್ಕ ಬರೆದಿಲ್ಲ.

ಈ ಸಲ ಹುಳ ಬಿಡುವ ಮೊದಲೇ ನಾಲ್ಕು ಮಾತು ಸಂಘದ ಪುಸ್ತಕದಲ್ಲಿ ಬರೆದರು:

- ನೀರು ಹಾಕೋಕೆ ದಿನಕ್ಕೆ ಇಬ್ಬರು, ಸರದಿ ಪ್ರಕಾರ.
- ಸಗಣಿ ತಂದವರ ಹೆಸರು, ಎಷ್ಟು ಬುಟ್ಟಿ ಅನ್ನೋದು ದಾಖಲು.
- ಮೊದಲ ಪಾಲು ಸದಸ್ಯರ ಮನೆ ಕೈತೋಟಕ್ಕೆ.
- ಉಳಿದಿದ್ದು ಮಾರಾಟಕ್ಕೆ. ಸ್ವಂತ ಮನೆಯ ತೋಟಕ್ಕೆ ಒಯ್ದರೂ ದುಡ್ಡು ಸಂಘಕ್ಕೆ ಕಟ್ಟಬೇಕು.

ಕೊನೇ ಮಾತಿಗೆ ಕೆಲವು ಮನೆಗಳಲ್ಲಿ ಗೊಣಗಾಟ ಆಯ್ತು. ಆದರೂ ಅಕ್ಕಂದಿರು ಬಿಡಲಿಲ್ಲ.

ಕೈತೋಟ ಮೊದಲು

ಹಿತ್ತಲಲ್ಲಿ ಸಣ್ಣ ಮಡಿ ಮಾಡಿ ದಂಟು, ಮೆಂತ್ಯ, ಹರಿವೆ ಬಿತ್ತಿದರೆ ಸುಮಾರು ಒಂದು ತಿಂಗಳಿಗೆ ಸೊಪ್ಪು ಸಿಗುತ್ತೆ. ಎಲ್ಲಾ ಒಟ್ಟಿಗೆ ಬಿತ್ತಬೇಡಿ, 15 ದಿನಕ್ಕೊಂದು ಮಡಿ ಬಿತ್ತಿ. ಬದನೆ, ಟೊಮ್ಯಾಟೊ ಗಿಡದ ಬುಡಕ್ಕೆ ಒಂದೆರಡು ಹಿಡಿ ಎರೆಗೊಬ್ಬರ ಹಾಕಿ ಮಣ್ಣು ಮುಚ್ಚಿ. ಪಾತ್ರೆ ತೊಳೆದ ನೀರನ್ನು ಬಾಳೆ ಬುಡಕ್ಕೆ ಬಿಡಿ. ಗೊಬ್ಬರದ ಗುಣ ತನ್ನ ಹಿತ್ತಲಲ್ಲೇ ಕಂಡ ಮೇಲೆ ನೀರಿನ ಸರದಿ ಯಾರೂ ತಪ್ಪಿಸಲಿಲ್ಲ.

ನೀವು ಏನು ಮಾಡಬಹುದು?

ನಿಮ್ಮೂರಲ್ಲೂ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘ ಇರುತ್ತೆ. ಮೊದಲು ಸಂಘದ ಅಧ್ಯಕ್ಷೆಯನ್ನೋ ಕೃಷಿ ಸಖಿಯನ್ನೋ ಕೇಳಿ, ಸಭೆಗೆ ಹೋಗಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಸಗಣಿ, ಮಣ್ಣಿನ ವಿಷಯ ಅವರಿಗೆ ಹೇಳಿಕೊಡಬೇಕಾಗಿಲ್ಲ. ಭಾರ ಹೊರೋದು, ಗುಡ್ಡೆ ಮಗುಚೋದು, ಜರಡಿ ಹಿಡಿಯೋದು ಇದಕ್ಕೆ ನಿಮ್ಮ ತೋಳು ಬೇಕು. ಸರದಿ ನೆನಪಿಸೋಕೆ ವಾಟ್ಸಾಪ್ ಗುಂಪು, ಲೆಕ್ಕದ ಪುಟದ ಫೋಟೋ, ಸಂಘದ ಖಾತೆಗೇ ದುಡ್ಡು ಬರುವ ಹಾಗೆ ಕ್ಯೂಆರ್ ಕೋಡ್, ಇದಕ್ಕೆ ನಿಮ್ಮ ಫೋನ್ ಬೇಕು. ಮಾಡಿಕೊಟ್ಟು ಸುಮ್ಮನಾಗಬೇಡಿ, ಸಂಘದಲ್ಲಿ ಒಬ್ಬರಿಗೆ ಕಲಿಸಿಬಿಡಿ.

ಹೆಸರು ಹಾಕಿ ಚೀಲದಲ್ಲಿ ಮಾರುವ ಯೋಚನೆ ಇದ್ದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಪರವಾನಗಿ ವಿಚಾರಿಸಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಗೊಬ್ಬರದಲ್ಲಿ ತೇವಾಂಶ ಶೇ. 15ರಿಂದ 25, ಸಾರಜನಕ ಕನಿಷ್ಠ ಶೇ. 1 ಇರಬೇಕು, ಶೇ. 90ರಷ್ಟು 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು.

ಒಂದು ಮಾತು ಕೊಟ್ಟು ಹೋಗಿ: ಕನಿಷ್ಠ ಒಂದು ಪೂರ್ತಿ ಬೇಸಿಗೆ ಜೊತೆಗಿರ್ತೀನಿ ಅಂತ. ಶುರು ಮಾಡಿದ ದಿನ ಫೋಟೋಗೆ ಬರೋರು ಬಹಳ ಜನ. ಏಪ್ರಿಲ್ ಬಿಸಿಲಲ್ಲಿ ಗೋಣಿಚೀಲ ಒಣಗಿದಾಗ ಒಂದು ಕೊಡ ನೀರು ಹಾಕೋರು ಬೇಕು.