ಮೊಟಕಾದ ಬಂದೂಕಿನ ಮೂಲ ಹುಡುಕುವವರು

ಲೀ-ಎನ್‌ಫೀಲ್ಡ್ ಎಂದರೆ ಬಹಳ ಜನಕ್ಕೆ ತಿಳಿಯಲಿಕ್ಕಿಲ್ಲ. ತ್ರೀ ನಾಟ್ ತ್ರೀ ಎಂದರೆ ತಿಳಿಯುತ್ತದೆ. ಮತಗಟ್ಟೆಯ ಬಾಗಿಲಲ್ಲಿ, ಖಜಾನೆಯ ಮೆಟ್ಟಿಲಲ್ಲಿ ಪೊಲೀಸ್ ಪೇದೆಯ ಹೆಗಲಿಗೆ ಆತುಕೊಂಡು ನಿಂತಿರುತ್ತಿದ್ದ, ಉದ್ದ ಮರದ ಮೈಯ ಆ ಬ್ರಿಟಿಷ್ ಬಂದೂಕು ಅದೇ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರಲ್ಲಿ. ಈ ವಂಶದಲ್ಲಿ ಒಬ್ಬ ಗಿಡ್ಡ ತಮ್ಮನಿದ್ದಾನೆ. ಕಡತದಲ್ಲಿ ಅವನ ಹೆಸರು ‘ರೈಫಲ್ ನಂ. 5 ಮಾರ್ಕ್ 1’. ಸಂಗ್ರಾಹಕರ ಬಾಯಲ್ಲಿ ಜಂಗಲ್ ಕಾರ್ಬೈನ್. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳ ಹಳೆಯ ಬಂದೂಕುಗಳ ಪೇಟೆಯಲ್ಲಿ ಇವನ ವೇಷ ಹಾಕಿಕೊಂಡವರಿಗೆ ಲೆಕ್ಕವಿಲ್ಲ. ಹಾಗಾಗಿ ಕಾರ್ಖಾನೆಯಲ್ಲೇ ಗಿಡ್ಡವಾಗಿ ಹುಟ್ಟಿದ್ದು ಯಾವುದು, ಆಮೇಲೆ ಯಾರೋ ಗರಗಸ ಹಾಕಿದ್ದು ಯಾವುದು ಎಂದು ಬೇರ್ಪಡಿಸುವುದೇ ಅಲ್ಲೊಂದು ಕಸುಬಾಗಿ ಬೆಳೆದಿದೆ.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಪೂರ್ವದ ಕಾಡುಗಳ ಕಾಳಗಕ್ಕೆ ಹಗುರವಾದ, ಮೋಟಾದ ಬಂದೂಕು ಬೇಕಾಯಿತು. ಆಗ ಬಳಕೆಯಲ್ಲಿದ್ದ ನಂ. 4 ರೈಫಲ್ 4 ಕಿಲೋಗೂ ತುಸು ಹೆಚ್ಚು ತೂಗುತ್ತಿತ್ತು. ಅದನ್ನೇ ಇಳಿಸಿ, ಸವರಿ 1944ರಲ್ಲಿ ನಂ. 5 ತಯಾರಾಯಿತು. ತೂಕ 3.2 ಕಿಲೋ, ಉದ್ದ ಒಂದು ಮೀಟರ್, ಅಂದರೆ ಅಣ್ಣನಿಗಿಂತ ಹನ್ನೆರಡೂವರೆ ಸೆಂಟಿಮೀಟರಿನಷ್ಟು ಕಡಿಮೆ. ಲಿವರ್‌ಪೂಲ್ ಬಳಿಯ ಫಝಾಕರ್ಲಿಯ ಸರ್ಕಾರಿ ಕಾರ್ಖಾನೆ ಮತ್ತು ಬರ್ಮಿಂಗ್‌ಹ್ಯಾಮ್ ಪಕ್ಕದ ಶರ್ಲಿಯ ಬಿಎಸ್‌ಎ ಕಂಪನಿ, ಈ ಎರಡೇ ಕಡೆ 1947ರವರೆಗೆ ಸುಮಾರು ಎರಡೂವರೆ ಲಕ್ಷ ಬಂದೂಕುಗಳು ತಯಾರಾದವು. ಬರ್ಮಾದ ಯುದ್ಧ ಮುಗಿಯುವ ಹೊತ್ತಿಗೆ ಬಂದ ಇದು ಹೆಚ್ಚು ದುಡಿದದ್ದು ಆಮೇಲೆ, ಮಲಯಾದ ಕಾಡುಗಳಲ್ಲಿ. ಗುರಿ ಒಂದೇ ಕಡೆ ನಿಲ್ಲುವುದಿಲ್ಲ, ಇಂದು ಕೂಡಿಸಿದ್ದು ನಾಳೆ ಸರಿಯುತ್ತದೆ ಎಂಬ ದೂರಿನ ಮೇಲೆ ತಯಾರಿಕೆ ನಿಂತಿತು. ದೂರು ನಿಜವೋ, ಹೊಸ ಸ್ವಯಂಚಾಲಿತ ರೈಫಲ್ ತರಲು ಸಿಕ್ಕ ನೆಪವೋ ಎಂಬ ಜಗಳ ಸಂಗ್ರಾಹಕರಲ್ಲಿ ಇನ್ನೂ ಮುಗಿದಿಲ್ಲ. ಮುಗಿಯುವುದು ಅವರಿಗೂ ಬೇಕಿದ್ದಂತಿಲ್ಲ.

ಇನ್ನು ವೇಷಧಾರಿಗಳ ವಿಷಯ. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಬಂದೂಕುಗಳು ಹಡಗುಗಟ್ಟಲೆ ಅಮೆರಿಕಕ್ಕೆ ಬಂದಿಳಿದವು. ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ಆರ್ಮ್ಸ್ ಎಂಬ ಕಂಪನಿ ಮಾಮೂಲಿ ಲೀ-ಎನ್‌ಫೀಲ್ಡ್‌ಗಳನ್ನು ಕೊಂಡು, ನಳಿಕೆ ಕತ್ತರಿಸಿ, ಮರ ಮೊಟಕು ಮಾಡಿ, ‘ಸಾಂತಾ ಫೆ ಜಂಗಲ್ ಕಾರ್ಬೈನ್’ ಎಂದು ಬೇಟೆಗಾರರಿಗೆ ಮಾರಿತು. ಬ್ರಿಟಿಷ್ ಸೇನೆ ಎಂದೂ ಅಧಿಕೃತವಾಗಿ ಬಳಸದ ಆ ಹೆಸರು ಮನೆಮಾತಾದದ್ದು 1950ರ ದಶಕದ ಈ ವ್ಯಾಪಾರದಿಂದಲೇ. ಕಂಪನಿಯೇನೂ ಮೋಸ ಮಾಡಲಿಲ್ಲ. ನಳಿಕೆಯ ಮೇಲೆ ತನ್ನ ಹೆಸರನ್ನು ನಿಚ್ಚಳವಾಗಿ ಹೊಡೆಸಿತ್ತು. ಬಹಳ ಕಾಲದ ಮೇಲೆ ವೆಸ್ಟ್ ವರ್ಜೀನಿಯಾದ ಗಿಬ್ಸ್ ಕಂಪನಿ ನಮ್ಮ ಬಂಗಾಳದ ಇಶಾಪುರ ಕಾರ್ಖಾನೆಯ 7.62 ಮಿ.ಮೀ. 2ಎ1 ರೈಫಲ್‌ಗಳನ್ನು ಇದೇ ರೀತಿ ಸವರಿ ‘ನಂ. 7 ಜಂಗಲ್ ಕಾರ್ಬೈನ್’ ಮಾಡಿತು. ಅಸಲಿಗೆ ಬ್ರಿಟಿಷರ ನಂ. 7 ಎಂದರೆ ಅಭ್ಯಾಸಕ್ಕೆಂದು ಮಾಡಿದ .22 ಬಂದೂಕು, ಕಾಡಿಗೂ ಅದಕ್ಕೂ ಸಂಬಂಧವಿಲ್ಲ. ಇವೆಲ್ಲ ಕೈಯಿಂದ ಕೈಗೆ ದಾಟುತ್ತ ಹೋದಾಗ ಕಂಪನಿಯ ಹೆಸರು ಮರೆತುಹೋಯಿತು, ‘ಜಂಗಲ್’ ಮಾತ್ರ ಉಳಿಯಿತು. ಅಜ್ಜ ಬೇಟೆಗೆಂದು ಕೊಂಡದ್ದು ಮೊಮ್ಮಗನ ಕಾಲಕ್ಕೆ ಬರ್ಮಾ ಯುದ್ಧದ ಸ್ಮಾರಕವಾಗಿಬಿಡುತ್ತದೆ. ಹೀಗೆ ಗೊತ್ತಿಲ್ಲದೆ ಹೇಳುವವರ ಜೊತೆಗೆ, ಗೊತ್ತಿದ್ದೇ ಹೇಳುವವರೂ ಇದ್ದಾರೆ.

ಕೊಳ್ಳುವವನ ಕಣ್ಣು ಮೊದಲು ಹೋಗುವುದು ನಳಿಕೆಯ ತುದಿಯ ಶಂಕುವಿನಾಕಾರದ ಬೆಂಕಿತಡೆಗೆ, ಆಮೇಲೆ ಭುಜಕ್ಕೆ ಒತ್ತುವ ತುದಿಯಲ್ಲಿರುವ ರಬ್ಬರ್ ಮೆತ್ತೆಗೆ. ಪರೀಕ್ಷಕ ಇವೆರಡನ್ನೂ ಕೊನೆಗೆ ನೋಡುತ್ತಾನೆ. ಏಕೆಂದರೆ ಎರಡನ್ನೂ ಬಿಡಿಯಾಗಿ ತಂದು ಯಾವ ಬಂದೂಕಿಗಾದರೂ ಕೂಡಿಸಬಹುದು. ಅಸಲಿ ಬೆಂಕಿತಡೆಯನ್ನು ನಳಿಕೆಗೆ ಅಡ್ಡಲಾಗಿ ಪಿನ್ನು ಹೊಡೆದು ಕೂರಿಸಿರುತ್ತಾರೆ. ತಿರುಪಿನಲ್ಲಿ ಬಿಗಿದಿದ್ದರೆ ಅಲ್ಲೇ ಸಂಶಯ ಪಡಬೇಕು. ಆ ರಬ್ಬರ್ ಮೆತ್ತೆಯ ಬಗ್ಗೆ ಒಂದು ಮಾತು: ಹಗುರ ಬಂದೂಕು ಜೋರಾಗಿ ಒದೆಯುತ್ತದೆಂದು ಅದನ್ನಿಟ್ಟರು. ಆದರೆ ಮೆತ್ತೆ ಕಿರಿದಾದ್ದರಿಂದ ಒದೆತವೆಲ್ಲ ಒಂದೇ ಕಡೆ ನಾಟುತ್ತದೆ, ವಯಸ್ಸಾದ ಮೇಲೆ ರಬ್ಬರೂ ಕಲ್ಲಾಗುತ್ತದೆ.

ನಿಜವಾದ ಸಾಕ್ಷಿ ಇರುವುದು ಬೋಲ್ಟು ಓಡಾಡುವ ಉಕ್ಕಿನ ಒಡಲಿನಲ್ಲಿ. ನಂ. 5ರಲ್ಲಿ ಸುಮಾರು ಒಂದು ಕಿಲೋ ತೂಕ ಬರೀ ನಳಿಕೆ ಮೋಟಾದದ್ದರಿಂದ ಇಳಿಯಲಿಲ್ಲ. ಗ್ರಾಂ ಗ್ರಾಂ ಉಳಿಸಲು ಒಡಲಿನ ಹಲವೆಡೆ, ಮುಖ್ಯವಾಗಿ ಎಡಗೋಡೆಯಲ್ಲಿ, ಯಂತ್ರದಿಂದ ಉಕ್ಕನ್ನು ಕೆತ್ತಿ ತೆಗೆದರು. ಮೇಲಿನ ಮರದ ಹೊದಿಕೆ ಬಿಚ್ಚಿದರೆ ನಳಿಕೆಯ ಬುಡದ ದಪ್ಪ ಭಾಗದಲ್ಲೂ ಅಂಥದೇ ತೋಡುಗಳು ಕಾಣುತ್ತವೆ. ಬೋಲ್ಟಿನ ಹಿಡಿಕೆಯ ಗುಂಡನ್ನೂ ಬಿಡದೆ ಒಳಗೆ ಟೊಳ್ಳು ಮಾಡಿದ್ದಾರೆ. ಅಂಗಡಿಯಲ್ಲಿ ಕತ್ತರಿಸುವವನಿಗೆ ಈ ಉಸಾಬರಿ ಬೇಕಿಲ್ಲ. ಅವನಿಗೆ ಬೇಕಾದದ್ದು ರೂಪ, ತೂಕವಲ್ಲ. ನಂ. 4ರ ಒಡಲನ್ನು ಹಾಗೇ ಇಟ್ಟುಕೊಂಡು ಮುಂದಿನದನ್ನು ಮಾತ್ರ ಕತ್ತರಿಸುತ್ತಾನೆ. ಹಾಗಾಗಿ ಎಡಗೋಡೆ ತುಂಬಿಕೊಂಡಿದ್ದರೆ ಉಳಿದ ಪರೀಕ್ಷೆ ಮಾಡದಿದ್ದರೂ ನಡೆಯುತ್ತದೆ. ಯಾರಾದರೂ ಹಟ ಹಿಡಿದು ಈ ತೋಡುಗಳನ್ನೂ ಕೆತ್ತಿದರು ಎನ್ನೋಣ. ಆಗ ನೋಡಬೇಕಾದದ್ದು ತೋಡಿನ ಅಂಚು. ಕಾರ್ಖಾನೆಯ ಯಂತ್ರ ಎಲ್ಲ ಬಂದೂಕಿನಲ್ಲೂ ಒಂದೇ ಆಳ, ಒಂದೇ ಬಾಗು ಬಿಟ್ಟಿರುತ್ತದೆ. ಅದರ ಮೇಲೆಯೇ ಲೇಪನ ಕೂತಿರುತ್ತದೆ. ಕೈಯಲ್ಲಿ ಅರ ಹಾಕಿದ್ದು ಅಂಚಿನಲ್ಲಿ ಅಲೆಅಲೆಯಾಗಿ ತೋರುತ್ತದೆ, ಅಲ್ಲಿನ ಬಣ್ಣವೂ ಪಕ್ಕದ ಬಣ್ಣಕ್ಕೆ ಹೊಂದುವುದಿಲ್ಲ.

ಹಿಂಬದಿಯ ಗುರಿಕಣ್ಣೂ ಬೇಗ ಉತ್ತರ ಕೊಡುತ್ತದೆ. ನಂ. 4ರಲ್ಲಿ ಅಂಕೆಗಳು 1300 ಗಜದವರೆಗೆ ಏರುತ್ತವೆ, ನಂ. 5ರಲ್ಲಿ 800ಕ್ಕೆ ನಿಲ್ಲುತ್ತವೆ. ಎರಡರಲ್ಲೂ ಅದು ಒಡಲಿನ ಹಿಂತುದಿಯಲ್ಲಿ, ಕಣ್ಣಿಗೆ ಹತ್ತಿರ ಇರುತ್ತದೆ. ಗುರಿಕಣ್ಣು ಮುಂದೆ, ನಳಿಕೆಯ ಮೇಲೆ ಕೂತಿದ್ದರೆ ಅದು ಹಳೆಯ ನಂ. 1 ಮಾದರಿಯದೋ ಇಶಾಪುರದ್ದೋ ಬಂದೂಕು. ಅದಕ್ಕೆ ಎಂಥ ವೇಷ ಹಾಕಿದರೂ ಅದು ನಂ. 5 ಆಗಲಾರದು.

ಅಕ್ಷರಗಳನ್ನು ಹುಷಾರಾಗಿ ಓದಬೇಕು. ಅಸಲಿ ಬಂದೂಕಿನ ಒಡಲಿನ ಎಡಗಡೆ ಮಾದರಿಯ ಹೆಸರಿರುತ್ತದೆ. ಫಝಾಕರ್ಲಿಯವರು ಅದನ್ನು ವಿದ್ಯುತ್ ಪೆನ್ಸಿಲಿನಲ್ಲಿ, ಶಾಲೆಯ ಹುಡುಗನ ಕೈಬರಹದ ಹಾಗೆ ಗೀಚಿದ್ದಾರೆ. ಯುದ್ಧಕಾಲದಲ್ಲಿ ಬಿಎಸ್‌ಎಗೆ ಎಂ47ಸಿ ಎಂಬ ಗುಪ್ತ ಸಂಕೇತವಿತ್ತು. ಒಡಲಿನ ಮೇಲೆ ಅಮೆರಿಕದ ಸ್ಯಾವೇಜ್ ಅಥವಾ ಕೆನಡಾದ ಲಾಂಗ್ ಬ್ರಾಂಚ್ ಹೆಸರು ಕಂಡರೆ ಮಾತು ಮುಗಿಯಿತು, ಅವರು ನಂ. 5 ಮಾಡಿದ್ದೇ ಇಲ್ಲ. ಆದರೆ ಗೀಚಿದ ಅಕ್ಷರವನ್ನೇ ನಂಬಿ ಹಣ ಕೊಟ್ಟವರು ಕೆಟ್ಟಿದ್ದಾರೆ. ಅಂಥ ಪೆನ್ಸಿಲ್ ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಡಲಿನ ಸಾಕ್ಷಿ ಮೊದಲು, ಅಕ್ಷರದ ಸಾಕ್ಷಿ ಆಮೇಲೆ ಎನ್ನುವುದು ಇದಕ್ಕೇ. ಒಡಲಿನ ಕ್ರಮಸಂಖ್ಯೆ ಬೋಲ್ಟಿನ ಹಿಡಿಕೆಯ ಹಿಂಬದಿಯಲ್ಲೂ ಇದೆಯೇ ಎಂದು ತಾಳೆ ನೋಡುತ್ತಾರೆ. ಬಂದೂಕಿನ ಬಲ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪ್ರೂಫ್ ಹೌಸಿನ ಕಿರೀಟದ ಮುದ್ರೆ ಇದ್ದರೆ ಬಂದೂಕು ಸೇನೆಯಿಂದ ಖಾಸಗಿ ಪೇಟೆಗೆ ಇಳಿದ ದಾರಿ ತಿಳಿಯುತ್ತದೆ, ಅದು ದೋಷವಲ್ಲ.

‘ಎಫ್‌ಟಿಆರ್’ ಎಂಬ ಮೂರಕ್ಷರ ಕಂಡು ಹೊಸಬರು ಗಾಬರಿಯಾಗುತ್ತಾರೆ. ಕಾರ್ಖಾನೆಗೆ ಮರಳಿ, ಪೂರಾ ಬಿಚ್ಚಿ, ರಿಪೇರಿಯಾಗಿ ಹೊಸ ಬಣ್ಣ ಬಳಿಸಿಕೊಂಡ ಬಂದೂಕು ಎಂದು ಅದರ ಅರ್ಥ. ಅದರ ಭಾಗಗಳು ಬದಲಾಗಿರಬಹುದು, ಸಂಖ್ಯೆಯನ್ನು ಹೊಡೆದುಹಾಕಿ ಮತ್ತೆ ಹಾಕಿರಬಹುದು. ಆದರೂ ಅದು ಅಸಲಿಯೇ, ಏಕೆಂದರೆ ಕೈಯಾಡಿಸಿದ್ದು ಸೇನೆ.

ಕೈಯಾಡಿಸಿದವರು ಯಾರು ಎಂಬ ಪ್ರಶ್ನೆ ತೀರಾ ಕಠಿಣವಾಗುವುದು ಇದೇ ಮನೆತನದ ಇನ್ನೊಂದು ಬಂದೂಕಿನಲ್ಲಿ. ನಂ. 4 (ಟಿ) ಎಂಬ ಮರೆಗುರಿಕಾರನ (ಸ್ನೈಪರ್) ರೈಫಲ್ ಹುಟ್ಟಿನಿಂದಲೇ ಪರಿವರ್ತಿತ. ಕಾರ್ಖಾನೆಯಲ್ಲಿ ಚೆನ್ನಾಗಿ ಗುರಿ ಹೊಡೆದ ನಂ. 4ಗಳನ್ನು ಆರಿಸಿ, ‘ಟಿಆರ್’ ಎಂದು ಗುರುತು ಹಾಕಿ, ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಕಂಪನಿಗೆ ಕಳಿಸುತ್ತಿದ್ದರು. ರಾಜಮಹಾರಾಜರಿಗೆ ಶಿಕಾರಿ ಬಂದೂಕು ಮಾಡಿಕೊಡುತ್ತಿದ್ದ ಆ ಮನೆಯವರು 1942ರಿಂದ 20 ಸಾವಿರಕ್ಕೂ ಹೆಚ್ಚು ರೈಫಲ್‌ಗಳಿಗೆ ದುರ್ಬೀನು ಕೂಡಿಸಿದರು. ನಂ. 5ರಲ್ಲಿ ಉಕ್ಕನ್ನು ತೆಗೆದಿದ್ದಾರೆ, ಇಲ್ಲಿ ಸೇರಿಸಿದ್ದಾರೆ. ಒಡಲಿನ ಎಡಗಡೆ ಎರಡು ಉಕ್ಕಿನ ಬಿಲ್ಲೆ, ಅದರ ಮೇಲೆ ದುರ್ಬೀನಿನ ಪಟ್ಟಿ, ಮರದಲ್ಲಿ ಕೆನ್ನೆಗೆ ಒಂದು ಎತ್ತರ. ಸೇರಿಸುವುದು ನಕಲಿಯವನಿಗೆ ಸಲೀಸು. ಆದ್ದರಿಂದ ಇಲ್ಲಿ ಚಿಕ್ಕಚಿಕ್ಕ ಗುರುತುಗಳೇ ಗತಿ. ಮರದ ಕೆಳಗೆ ಕಂಪನಿಯ ಸಂಕೇತ ‘ಎಸ್51’, ಒಡಲಿನ ಎಡಕ್ಕೆ ‘ಟಿ’, ಮರದ ಸಪೂರ ಭಾಗದ ಮೇಲೆ ಆ ರೈಫಲ್‌ಗೇ ಹೊಂದಿಸಿದ ದುರ್ಬೀನಿನ ಸಂಖ್ಯೆ, ಪಟ್ಟಿಯ ಮೇಲೆ ರೈಫಲ್ಲಿನ ಸಂಖ್ಯೆ. ಜೋಡಿ ಒಡೆಯದೆ ಉಳಿದಿದ್ದರೆ ಬೆಲೆ ಏರುತ್ತದೆ. ಎಲ್ಲ ಗುರುತೂ ಒಂದೇ ದಿನ ಹೊಡೆದಂತೆ ಹೊಳೆಯುತ್ತಿದ್ದರೆ ಬಲ್ಲವರು ಚೀಲ ಕಟ್ಟಿಕೊಂಡು ಹೊರಡುತ್ತಾರೆ.

ಜಗಳ ಹರಿಯದಿದ್ದರೆ ಹೋಲಿಸಿ ನೋಡಲು ಮೂಲವೊಂದು ಬೇಕಲ್ಲ? ಬ್ರಿಟಿಷ್ ಸರ್ಕಾರ ತಾನು ಒಪ್ಪಿದ ಪ್ರತಿ ಆಯುಧದ ಮಾದರಿಗೂ ಮೊಹರು ಹಾಕಿ ‘ಪ್ಯಾಟರ್ನ್ ರೂಮ್’ ಎಂಬಲ್ಲಿ ಕಾಪಿಡುತ್ತಿತ್ತು. ಕಾರ್ಖಾನೆಗಳು ಅದನ್ನು ನೋಡಿ ಮಾಡಬೇಕಿತ್ತು. ಎನ್‌ಫೀಲ್ಡ್‌ನಲ್ಲಿದ್ದ ಆ ಸಂಗ್ರಹ ನಾಟಿಂಗ್‌ಹ್ಯಾಮ್‌ಗೆ ಹೋಗಿ, 2005ರಲ್ಲಿ ಲೀಡ್ಸ್‌ನ ರಾಯಲ್ ಆರ್ಮರೀಸ್ ವಶಕ್ಕೆ ಬಂದು ಈಗ ನ್ಯಾಷನಲ್ ಫೈರ್‌ಆರ್ಮ್ಸ್ ಸೆಂಟರ್ ಆಗಿದೆ. ಮನೆಯಲ್ಲಿ ಕೂತು ನೋಡುವವರಿಗೆ ಆಸ್ಟ್ರೇಲಿಯಾದ ಇಯಾನ್ ಸ್ಕೆನರ್ಟನ್ ಬರೆದ ದಪ್ಪ ಪುಸ್ತಕಗಳಿವೆ.

ಸಾಂತಾ ಫೆಯನ್ನು ಸಾಂತಾ ಫೆ ಎಂದೇ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ಅದೂ ಒಂದು ಕಾಲದ ಚರಿತ್ರೆಯೇ. ನನಗೆ ಬೇಸರವಾಗುವುದು ಕತ್ತರಿಸಿಹೋದವುಗಳ ಬಗ್ಗೆ. ಹೆಚ್ಚುವರಿ ಬಂದೂಕು ಅಗ್ಗವಾಗಿದ್ದ ಕಾಲದಲ್ಲಿ ಅವುಗಳಿಗೆ ಗರಗಸ ಹಾಕಲು ಯಾರೂ ಎರಡು ಸಲ ಯೋಚಿಸಲಿಲ್ಲ. ಈಗ ಕೈಮುಟ್ಟದೆ ಉಳಿದ ಸಾದಾ ನಂ. 4ಕ್ಕೇ, ಅದನ್ನು ಕತ್ತರಿಸಿ ಮಾಡಿದ ‘ಜಂಗಲ್’ಗಿಂತ ಬೇಡಿಕೆ ಹೆಚ್ಚು.

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿರುವ ನಿಮ್ಮ ಮನೆಯವರಿಗೆ ನೆರೆಯವರಿಂದ, ಹಳೆಯ ಸ್ನೇಹಿತರಿಂದ ಇಂಥದೊಂದು ಬಂದೂಕು ಬಂದರೆ ಮೊದಲು ಅಲ್ಲಿನ ಕಾನೂನು ವಿಚಾರಿಸಲಿ, ಒಳಗೆ ತೋಟಾ ಇಲ್ಲವೆಂದು ಬಲ್ಲವರಿಂದ ಖಾತ್ರಿ ಮಾಡಿಸಿಕೊಳ್ಳಲಿ. ಆಮೇಲೆ ಪ್ರತಿ ಗುರುತಿನ ಫೋಟೊ ತೆಗೆದಿಡಲಿ. ತುಕ್ಕು ಕಂಡಲ್ಲಿ ಎಣ್ಣೆ ಬಟ್ಟೆ ಸಾಕು. ಮರಳುಕಾಗದ ಹಾಕಿ ಉಜ್ಜುವುದು, ಮರಕ್ಕೆ ವಾರ್ನಿಶ್ ಬಳಿಯುವುದು ದಯವಿಟ್ಟು ಬೇಡ. ಹಾಗೆ ಉಜ್ಜಿ ಅಳಿಸಿದ ಗುರುತನ್ನು ಲೀಡ್ಸ್‌ನವರೂ ಮರಳಿ ತರಲಾರರು.